ಮೋನೆ ಸ್ಟೇಷನ್ನಿಗೆ ಹೋಗಿದ್ದು ಉಗಿಗಾಗಿ

(ಚಿತ್ರಕಲೆಯಲ್ಲಿ ಆಸಕ್ತಿ ಇರುವ ಗೆಳೆಯರ ಮುಂದೆ ಆಡಿದ ಮಾತಿನ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇಂಪ್ರೆಷನಿಸ್ಟ್ ಚಿತ್ರಗಳು, ಅಂದರೆ 19ನೇ ಶತಮಾನದ ಫ್ರಾನ್ಸಿನಲ್ಲಿ ಆ ಕ್ಷಣದ ಬೆಳಕನ್ನು ಕಂಡ ಹಾಗೇ ಬರೆಯಲು ಹೊರಟ ಕಲಾವಿದರ ಚಿತ್ರಗಳು ಅಂದ ತಕ್ಷಣ ನಮ್ಮ ಕಣ್ಣ ಮುಂದೆ ಬರುವುದು ತಾವರೆ ಕೊಳ, ಹುಲ್ಲಿನ ಬಣವೆ, ನದಿ, ದೋಣಿ, ಕೊಡೆ ಹಿಡಿದ ಹೆಂಗಸರು. ಕ್ಯಾಲೆಂಡರುಗಳಲ್ಲಿ, ಗ್ರೀಟಿಂಗ್ ಕಾರ್ಡುಗಳಲ್ಲಿ ಅವನ್ನೇ ನೋಡಿ ನೋಡಿ, ಇವರೆಲ್ಲ ಬರೀ ಹೂವು, ನೀರು ಬರೆದವರು ಅನ್ನೋ ಭಾವನೆ ಬಂದುಬಿಟ್ಟಿದೆ. ಇವತ್ತು ನಾನು ಮಾತಾಡುವುದು ಮಸಿ, ಕಲ್ಲಿದ್ದಲು, ಕಬ್ಬಿಣ, ಗಾಜು ತುಂಬಿದ ಒಂದು ಜಾಗದ ಬಗ್ಗೆ. ಪ್ಯಾರಿಸ್ಸಿನ ಸಾಂ-ಲಜಾರ್ ರೈಲ್ವೆ ಸ್ಟೇಷನ್.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಮಾನೆ ಬೇರೆ, ಮೋನೆ ಬೇರೆ. ಇಬ್ಬರೂ ಫ್ರೆಂಚ್ ಕಲಾವಿದರು, ಇಬ್ಬರೂ ಇವತ್ತಿನ ಮಾತಿನಲ್ಲಿ ಬರುತ್ತಾರೆ. ಎದುವಾರ್ ಮಾನೆ ಎಂಟು ವರ್ಷ ದೊಡ್ಡವನು, ಕ್ಲೋದ್ ಮೋನೆ ಚಿಕ್ಕವನು. ಅವರ ಕಾಲದ ಜನರೇ ಈ ಎರಡು ಹೆಸರನ್ನು ಅದಲು ಬದಲು ಮಾಡುತ್ತಿದ್ದರು, ಹಾಗಾಗಿ ನಮಗೂ ಗೊಂದಲ ಆದರೆ ತಪ್ಪೇನಿಲ್ಲ.

1877ರ ಜನವರಿಯಲ್ಲಿ ಮೋನೆ ಸಾಂ-ಲಜಾರ್ ಸ್ಟೇಷನ್ನಿನ ಒಳಗೆ ಚಿತ್ರ ಬರೆಯಲು ಅನುಮತಿ ಪಡೆದ. ಆಗ ಅವನಿಗೆ 36 ವರ್ಷ. ಕೈಯಲ್ಲಿ ಕಾಸಿಲ್ಲ, ಸಾಲ ಜಾಸ್ತಿ. ಸ್ಟೇಷನ್ ಹತ್ತಿರ ಮೋನ್ಸೆ ಬೀದಿಯಲ್ಲಿ ಒಂದು ಚಿಕ್ಕ ಮನೆಗೆ ಬಾಡಿಗೆ ಕಟ್ಟಿಕೊಟ್ಟವನು ಗೆಳೆಯ ಗುಸ್ತಾವ್ ಕಾಯ್‌ಬಾಟ್. ಅವನೂ ಕಲಾವಿದನೇ, ಆದರೆ ಹಣವಂತರ ಮನೆಯ ಹುಡುಗ. ಕೆಲವೇ ತಿಂಗಳಲ್ಲಿ ಮೋನೆ ಆ ಸ್ಟೇಷನ್ನಿನ ಒಳಗೂ ಹೊರಗೂ ನಿಂತು 12 ಚಿತ್ರ ಬರೆದ. ಏಪ್ರಿಲ್‌ನಲ್ಲಿ ಇಂಪ್ರೆಷನಿಸ್ಟರ ಮೂರನೇ ಪ್ರದರ್ಶನ ಶುರುವಾದಾಗ ಅದರಲ್ಲಿ ಕೆಲವು ಗೋಡೆ ಏರಿದವು. ಬಣ್ಣ ಪೂರ್ತಿ ಆರಿತ್ತೋ ಇಲ್ಲವೋ, ಅಷ್ಟು ಬೇಗ.

ಅನುಮತಿ ಸಿಕ್ಕಿದ್ದರ ಬಗ್ಗೆ ಒಂದು ಕಥೆ ಇದೆ. ಕಲಾವಿದ ರೆನ್ವಾ ತನ್ನ ಮಗನಿಗೆ ಹೇಳಿದ್ದು, ಮಗ ಎಷ್ಟೋ ವರ್ಷದ ಮೇಲೆ ಬರೆದಿಟ್ಟಿದ್ದು. ಮೋನೆ ಇದ್ದುದರಲ್ಲಿ ಒಳ್ಳೇ ಬಟ್ಟೆ ಹಾಕಿಕೊಂಡು, ಚಿನ್ನದ ಹಿಡಿಯ ಕೋಲು ಹಿಡಿದು, ರೈಲ್ವೆ ಕಂಪನಿಯ ದೊಡ್ಡ ಸಾಹೇಬರ ಹತ್ತಿರ ಹೋದನಂತೆ. "ನಿಮ್ಮ ಸ್ಟೇಷನ್ ಬರೆಯಲೋ, ಉತ್ತರದ ಸ್ಟೇಷನ್ ಬರೆಯಲೋ ಅಂತ ಯೋಚಿಸುತ್ತಿದ್ದೆ, ನಿಮ್ಮದರಲ್ಲೇ ಹೆಚ್ಚು ಗುಣ ಇದೆ ಅನ್ನಿಸಿತು" ಅನ್ನೋ ಅರ್ಥದ ಮಾತು ಹೇಳಿದನಂತೆ. ಸಾಹೇಬರು ಖುಷಿಯಾಗಿ ರೈಲು ನಿಲ್ಲಿಸಿದರು, ಪ್ಲಾಟ್‌ಫಾರ್ಮ್ ಖಾಲಿ ಮಾಡಿಸಿದರು, ಮೋನೆಗೆ ಬೇಕಾದಷ್ಟು ಹೊಗೆ ಬರಲಿ ಅಂತ ಎಂಜಿನ್ನುಗಳಿಗೆ ಕಲ್ಲಿದ್ದಲು ತುರುಕಿಸಿದರು ಅನ್ನುವುದು ಕಥೆ. ನಾನು ಇದನ್ನು ಅಕ್ಷರಶಃ ನಂಬುವುದಿಲ್ಲ. ಗೆಳೆಯರ ನಡುವೆ ಹೇಳಿ ಹೇಳಿ ಉಬ್ಬಿದ ಕಥೆ ಇದು. ಆದರೆ ಕಥೆಯಲ್ಲೊಂದು ನಿಜ ಇದೆ, ಅದಕ್ಕೇ ಹೇಳಿದೆ. ಮೋನೆ ಕೇಳಿದ್ದು ರೈಲನ್ನಲ್ಲ, ಹೊಗೆಯನ್ನು. ಅವನನ್ನು ಹತ್ತಿರದಿಂದ ಬಲ್ಲ ರೆನ್ವಾಗೂ ನೆನಪಿನಲ್ಲಿ ಉಳಿದಿದ್ದು ಅದೇ.

ನಾನು ಇವತ್ತು ಹೇಳಬೇಕು ಅಂದುಕೊಂಡಿರುವುದೂ ಅಷ್ಟೇ. ಈ ಚಿತ್ರಗಳನ್ನು ನಾವು "ರೈಲ್ವೆ ಸ್ಟೇಷನ್ ಚಿತ್ರಗಳು" ಅಂತ ಕರೆಯುತ್ತೇವೆ. ನಿಜವಾಗಿ ಅವು ಉಗಿಯ ಚಿತ್ರಗಳು.

ಪರದೆ ಮೇಲೆ ಈಗ ಕಾಣುತ್ತಿರುವುದು ಪ್ಯಾರಿಸ್ಸಿನ ಓರ್ಸೇ ಮ್ಯೂಸಿಯಂನಲ್ಲಿರುವ ಚಿತ್ರ. ಎತ್ತರ 75 ಸೆಂಟಿಮೀಟರ್, ಅಗಲ ಒಂದು ಮೀಟರಿಗೆ ಸ್ವಲ್ಪ ಜಾಸ್ತಿ. ನಾವು ಸ್ಟೇಷನ್ನಿನ ಚಾವಣಿಯ ಕೆಳಗೆ ನಿಂತಿದ್ದೇವೆ. ಮೇಲೆ ಕಬ್ಬಿಣ ಮತ್ತು ಗಾಜಿನ ಚಾವಣಿ ಎರಡೂ ಕಡೆಗೆ ಇಳಿದು ದೊಡ್ಡ ತ್ರಿಕೋನ ಆಗಿದೆ. ಎಂಜಿನಿಯರ್ ಯೂಜೀನ್ ಫ್ಲಾಶಾ 1850ರ ದಶಕದ ಶುರುವಿನಲ್ಲಿ ಇಲ್ಲಿ ಕಟ್ಟಿಸಿದ ಚಾವಣಿಗಳಲ್ಲಿ ದೊಡ್ಡದು, ನಡುವೆ ಒಂದೂ ಕಂಬವಿಲ್ಲದೆ, ಸುಮಾರು 40 ಮೀಟರ್ ಅಗಲಕ್ಕೆ ಹರಡಿತ್ತು. ಮುಂದೆ ಬಿಸಿಲಿನಲ್ಲಿ ಎದುರುಮನೆಗಳ ಸಾಲು, ಹಳದಿ ಮಿಶ್ರಿತ ತಿಳಿಬಣ್ಣದಲ್ಲಿ. ಅದರ ಮುಂದೆ ಅಡ್ಡಲಾಗಿ ಯುರೋಪ್ ಸೇತುವೆ. ಆರು ಬೀದಿಗಳು ಹಳಿಗಳ ಮೇಲೆ ಬಂದು ಕೂಡುವ ದೊಡ್ಡ ಕಬ್ಬಿಣದ ಸೇತುವೆ ಅದು. ಆಗಿನ್ನೂ ಹೊಸದು, 1860ರ ದಶಕದ ಕೊನೆಯಲ್ಲಿ ಕಟ್ಟಿದ್ದು. ಚಿತ್ರದ ನಡುವೆ, ಕೊಂಚ ಬಲಕ್ಕೆ, ಒಂದು ಎಂಜಿನ್.

ಈಗ ಎಂಜಿನ್ನನ್ನೇ ಗಮನಿಸಿ. ಚಕ್ರ ಎಷ್ಟು, ಪಿಸ್ಟನ್ ಎಲ್ಲಿ, ಯಾವ ಮಾದರಿಯದ್ದು, ಏನಾದರೂ ಹೇಳಲು ಆಗುತ್ತಾ? ಒಂದು ಕಪ್ಪಗಿನ ಆಕಾರ, ಮೇಲೊಂದು ಚಿಮಣಿ, ಅಷ್ಟೇ. ರೈಲ್ವೆ ಪ್ರೇಮಿಗಳಿಗೆ ಈ ಚಿತ್ರದಿಂದ ನಿರಾಸೆ ಖಂಡಿತ. ಆದರೆ ಅದರ ಚಿಮಣಿಯಿಂದ ಹೊರಟ ಉಗಿಗೆ ಮೋನೆ ಕೊಟ್ಟಿರುವ ಗಮನ ನೋಡಿ. ಚಾವಣಿಯ ನೆರಳಿನಲ್ಲಿ ಅದು ನೀಲಿ. ಬಿಸಿಲಿಗೆ ಬಂದ ಕೂಡಲೇ ಬಿಳಿ. ಗಾಜಿನ ಕೆಳಗೆ ಎಲ್ಲೋ ಬೂದು, ಎಲ್ಲೋ ನಸುಗೆಂಪು. ಒಂದೇ ಹೊಗೆ, ಎಷ್ಟೊಂದು ಬಣ್ಣ.

ಇದು ಕಲಾವಿದನ ಕಲ್ಪನೆ ಅಂತ ಅನೇಕರು ತಿಳಿಯುತ್ತಾರೆ. ಹಾಗಲ್ಲ. ಉಗಿಬಂಡಿಯ ಚಿಮಣಿಯಿಂದ ಎರಡು ವಸ್ತು ಒಟ್ಟಿಗೆ ಬರುತ್ತವೆ. ಒಂದು, ಒಲೆಯಲ್ಲಿ ಉರಿದ ಕಲ್ಲಿದ್ದಲಿನ ಹೊಗೆ. ಇನ್ನೊಂದು, ಸಿಲಿಂಡರಿನಲ್ಲಿ ಕೆಲಸ ಮುಗಿಸಿದ ಉಗಿ. ಆ ಉಗಿಯನ್ನು ಬೇಕಂತಲೇ ಚಿಮಣಿಯೊಳಗೆ ಬಿಡುತ್ತಾರೆ. ಅದು ರಭಸವಾಗಿ ಮೇಲೆ ನುಗ್ಗುವಾಗ ಒಲೆಯೊಳಗೆ ಗಾಳಿ ಎಳೆದುಕೊಳ್ಳುತ್ತದೆ, ಬೆಂಕಿ ಚೆನ್ನಾಗಿ ಉರಿಯುತ್ತದೆ. "ಛುಕ್ ಛುಕ್" ಶಬ್ದ ಅದರದ್ದೇ. ಹೊಗೆಯಲ್ಲಿ ಇರುವುದು ತೀರಾ ಸಣ್ಣ ಕಣಗಳು. ಅವು ನೀಲಿ ಬೆಳಕನ್ನು ಜಾಸ್ತಿ ಚದುರಿಸುತ್ತವೆ. ಹಾಗಾಗಿ ಹಿಂದೆ ಕತ್ತಲಿದ್ದಾಗ ತೆಳು ಹೊಗೆ ನೀಲಿಯಾಗಿ ಕಾಣುತ್ತದೆ. ಅದೇ ಹೊಗೆಯ ಹಿಂದೆ ಬೆಳಕಿದ್ದರೆ ಕಂದು, ಹಳದಿ. ಉಗಿಯಲ್ಲಿ ಇರುವುದು ನೀರಿನ ಹನಿಗಳು, ಹೊಗೆಯ ಕಣಕ್ಕಿಂತ ದೊಡ್ಡವು. ಅವು ಎಲ್ಲಾ ಬಣ್ಣವನ್ನೂ ಒಂದೇ ಥರ ಚದುರಿಸುತ್ತವೆ, ಅದಕ್ಕೆ ಬಿಳಿ. ಮೋನೆ ಭೌತಶಾಸ್ತ್ರ ಓದಿದವನಲ್ಲ. ಸುಮ್ನೆ ನೋಡಿದ, ಕಂಡಿದ್ದನ್ನು ಬರೆದ. ಕಂಡಿದ್ದು ಸರಿಯಾಗಿತ್ತು.

ಇನ್ನೊಂದು ವಿಷಯ. ಅವನು ಹೋಗಿದ್ದು ಚಳಿಗಾಲದಲ್ಲಿ. ಚಳಿಯ ಬೆಳಗ್ಗೆ ನಮ್ಮ ಬಾಯಿಂದಲೇ ಹಬೆ ಕಾಣುತ್ತದೆ, ಅಲ್ವಾ? ಎಂಜಿನ್ನಿಗೂ ಹಾಗೇ. ಗಾಳಿ ತಣ್ಣಗಿದ್ದಷ್ಟೂ ಉಗಿ ಬೇಗ ಹನಿಯಾಗಿ ದಟ್ಟವಾಗಿ ನಿಲ್ಲುತ್ತದೆ. ಬೇಸಿಗೆಯಲ್ಲಿ ಹೋಗಿದ್ದರೆ ಈ ಚಿತ್ರಗಳಲ್ಲಿ ಅರ್ಧ ಮೋಡವೂ ಇರುತ್ತಿರಲಿಲ್ಲ. ಇಲ್ಲಿರುವ ಕಿರಿಯರಲ್ಲಿ ಬಹಳ ಜನ ಉರಿಯುವ ಉಗಿ ಎಂಜಿನ್ ನೋಡಿಯೇ ಇರುವುದಿಲ್ಲ. ಮೈಸೂರಿನ ರೈಲ್ವೆ ಮ್ಯೂಸಿಯಂನಲ್ಲಿ ಹಳೇ ಎಂಜಿನ್ನುಗಳನ್ನು ಮುಟ್ಟಿ ನೋಡಬಹುದು, ಆದರೆ ಅವು ಆರಿದ ಎಂಜಿನ್ನುಗಳು. ಇಲ್ಲಿರುವ ಹಿರಿಯರಿಗೆ ಗೊತ್ತು, ಸ್ಟೇಷನ್ನಿನಲ್ಲಿ ಉಗಿ ಬಂದು ಮುಖಕ್ಕೆ ಬಡಿದಾಗ ಎದುರಿಗಿರುವವರು ಕ್ಷಣಕಾಲ ಮಾಯವಾಗಿ ಮತ್ತೆ ಕಾಣಿಸಿಕೊಳ್ಳುತ್ತಿದ್ದರು. ಮೋನೆ ಬರೆದದ್ದು ಆ ಮಾಯವಾಗುವುದನ್ನು.

ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿ ಇದೇ ಸರಣಿಯ ಒಂದು ಸ್ವಲ್ಪ ಚಿಕ್ಕ ಚಿತ್ರ ಇದೆ. ಅಲ್ಲಿನ ವಿಜ್ಞಾನಿಗಳು ಅದರ ಬಣ್ಣದ ಚೂರುಗಳನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡಿದ್ದಾರೆ. ನನಗೆ ಈ ಇಡೀ ವಿಷಯದಲ್ಲಿ ತುಂಬಾ ಇಷ್ಟವಾದ ಸಂಗತಿ ಇದು. ಸ್ಟೇಷನ್ನಿನ ಚಾವಣಿ ನಮ್ಮ ಕಣ್ಣಿಗೆ ಕಪ್ಪು ಕಪ್ಪಾಗಿ ಕಾಣುತ್ತದೆ. ಮಸಿ ಹಿಡಿದ ಕಬ್ಬಿಣ ಅಲ್ವಾ, ಕಪ್ಪೇ ಇರಬೇಕು. ಆದರೆ ಅಲ್ಲಿ ಕಪ್ಪು ಬಣ್ಣ ಬಹುತೇಕ ಇಲ್ಲ. ಕೋಬಾಲ್ಟ್ ನೀಲಿ, ಅಲ್ಟ್ರಾಮರೀನ್ ನೀಲಿ, ಪಚ್ಚೆ ಹಸಿರು, ಕಡುಗೆಂಪು, ಕುಂಕುಮದಂಥ ವರ್ಮಿಲಿಯನ್, ಇಂಥ ಗಾಢ ಬಣ್ಣಗಳನ್ನೇ ಕಲಸಿ ಕಲಸಿ ಆ ಕತ್ತಲನ್ನು ಮಾಡಿದ್ದಾನೆ. ಅದರಲ್ಲಿ ಹಲವು ಬಣ್ಣಗಳು 19ನೇ ಶತಮಾನದ ಕಾರ್ಖಾನೆಗಳಲ್ಲಿ ಹುಟ್ಟಿದವು. ಅವನ್ನು ಬಯಲಿಗೆ ಒಯ್ಯಲು ಬೇಕಾದ ತವರದ ಟ್ಯೂಬ್ ಬಂದದ್ದೂ 1841ರಲ್ಲಿ. ಎಂಜಿನ್ನನ್ನು ತಂದ ಯುಗವೇ ಅದನ್ನು ಬರೆಯುವ ಬಣ್ಣವನ್ನೂ ತಂದಿತ್ತು. ಆ ಕತ್ತಲು ಸತ್ತ ಕತ್ತಲಲ್ಲ. ನೋಡುತ್ತಾ ನಿಂತರೆ ನೇರಳೆ, ಹಸಿರು ಮೆಲ್ಲಗೆ ಕಾಣುತ್ತಾ ಹೋಗುತ್ತವೆ. ಮುದ್ರಿಸಿದ ಪುಸ್ತಕದಲ್ಲಿ, ಈ ಪರದೆಯಲ್ಲಿ ಕೂಡ, ಅದು ಕಾಣುವುದಿಲ್ಲ. ಅದೊಂದು ಕೊರತೆ, ಏನೂ ಮಾಡಲಾಗದು.

ಇಲ್ಲಿ ಒಂದು ಹೋಲಿಕೆ ಬೇಕು. ಇದಕ್ಕೆ 15 ವರ್ಷ ಮೊದಲು, 1862ರಲ್ಲಿ, ಇಂಗ್ಲೆಂಡಿನ ವಿಲಿಯಂ ಫ್ರಿತ್ ಲಂಡನ್ನಿನ ಪ್ಯಾಡಿಂಗ್ಟನ್ ಸ್ಟೇಷನ್ ಬರೆದಿದ್ದ. ಭಾರೀ ಚಿತ್ರ. ಜನ ಟಿಕೆಟ್ ತಗೊಂಡು, ಸಾಲು ನಿಂತು ನೋಡಿದರು. ಅದರಲ್ಲಿ ಎಲ್ಲಾ ಇದೆ. ಶಾಲೆಗೆ ಹೊರಟ ಮಕ್ಕಳಿಗೆ ಮುತ್ತು ಕೊಡುತ್ತಿರುವ ತಾಯಿ, ಮದುವೆಯಾಗಿ ಹೊರಟ ಜೋಡಿ, ಬಂಡಿಯವನ ಜೊತೆ ಜಗಳ, ರೈಲು ಹತ್ತುವ ಹೊತ್ತಿಗೆ ಪೊಲೀಸರ ಕೈಗೆ ಸಿಕ್ಕಿಬಿದ್ದ ಕಳ್ಳ. ಒಬ್ಬೊಬ್ಬರಿಗೂ ಒಂದೊಂದು ಕಥೆ. ನಿಧಾನವಾಗಿ ಓದಬಹುದಾದ ಚಿತ್ರ, ನನಗೂ ಇಷ್ಟ. ಆದರೆ ಅಲ್ಲಿನ ಗಾಳಿ ಶುದ್ಧವಾಗಿದೆ! ಅಷ್ಟು ದೊಡ್ಡ ಸ್ಟೇಷನ್ನಿನಲ್ಲಿ ಯಾರ ಮುಖವನ್ನೂ ಹೊಗೆ ಮರೆಮಾಡುವುದಿಲ್ಲ. ಫ್ರಿತ್‌ಗೆ ಸ್ಟೇಷನ್ ಒಂದು ರಂಗಮಂಚ. ಜನ ಅಲ್ಲಿಗೆ ಬಂದು ತಮ್ಮ ಪಾತ್ರ ಮಾಡಿ ಹೋಗುತ್ತಾರೆ. ಮೋನೆಯ ಸ್ಟೇಷನ್ನಿನಲ್ಲಿ ಮನುಷ್ಯರು ನಾಲ್ಕೈದು ಕುಂಚದ ಗೀಟು. ಯಾರು, ಎಲ್ಲಿಗೆ ಹೊರಟರು, ಯಾರನ್ನು ಬಿಟ್ಟು ಹೊರಟರು, ಏನೂ ಗೊತ್ತಾಗುವುದಿಲ್ಲ.

ಕಥೆ ಬೇಡ ಅನ್ನುವುದು ಮೋನೆ ಒಬ್ಬನ ತೀರ್ಮಾನ ಆಗಿರಲಿಲ್ಲ. 1870ರಲ್ಲಿ ಫ್ರಾನ್ಸ್ ಮತ್ತು ಪ್ರಷ್ಯಾದ ನಡುವೆ ಯುದ್ಧ ಶುರುವಾದಾಗ ಮೋನೆ, ಅದೇ ಗುಂಪಿನ ಕಲಾವಿದ ಪಿಸಾರೋ ಇಬ್ಬರೂ ಲಂಡನ್ನಿಗೆ ಹೋದರು. ಅಲ್ಲಿ ಇಂಗ್ಲಿಷ್ ಕಲಾವಿದ ಟರ್ನರ್‌ನ ಚಿತ್ರಗಳನ್ನು ನೋಡಿದರು. 1844ರಲ್ಲೇ ಮಳೆ, ಉಗಿ, ವೇಗ ಮೂರನ್ನೂ ಒಂದೇ ಚಿತ್ರದಲ್ಲಿ ಕಲಸಿ ರೈಲು ಬರೆದಿದ್ದವನು ಟರ್ನರ್. 1871ರಲ್ಲಿ ಪಿಸಾರೋ ಲಂಡನ್ನಿನ ಹೊರವಲಯದ ಲಾರ್ಡ್‌ಶಿಪ್ ಲೇನ್ ಅನ್ನೋ ಪುಟ್ಟ ಸ್ಟೇಷನ್ ಬರೆದ. ಹುಲ್ಲಿನ ದಿಬ್ಬಗಳು, ಮೋಡ ಮುಸುಕಿದ ಆಕಾಶ, ನೇರ ನಮ್ಮ ಕಡೆಗೇ ಬರುತ್ತಿರುವ ಚಿಕ್ಕದೊಂದು ರೈಲು. ಆ ಚಿತ್ರದಲ್ಲಿ ಬಲಗಡೆಯ ದಿಬ್ಬದ ಮೇಲೆ ಮೊದಲು ಹುಲ್ಲು ಕೊಯ್ಯುವ ಒಬ್ಬ ಮನುಷ್ಯನನ್ನು ಬರೆದು, ಆಮೇಲೆ ಅವನ ಮೇಲೆ ಬಣ್ಣ ಬಳಿದು ಅಳಿಸಿಹಾಕಿದ್ದಾನೆ. ಅವನಿದ್ದಿದ್ದರೆ ನಾವೆಲ್ಲ ತಕ್ಷಣ ಒಂದು ಕಥೆ ಕಟ್ಟುತ್ತಿದ್ದೆವು. ಹಳೇ ಹಳ್ಳಿ, ಹೊಸ ಯಂತ್ರ, ಅಯ್ಯೋ ಕಾಲವೇ ಅಂತ. ಪಿಸಾರೋ ಆ ದಾರಿ ಮುಚ್ಚಿಬಿಟ್ಟ. ರೈಲು, ಹುಲ್ಲು, ಮೋಡ ಮೂರೂ ಒಂದೇ ಬೆಳಕಿನಲ್ಲಿ ಇವೆ, ನೋಡಿ ಅಂದ.

ಇನ್ನು ಮಾನೆ. ಅವನ ಸ್ಟುಡಿಯೋ ಸಾಂ-ಲಜಾರ್‌ಗೆ ಕೂಗಳತೆಯ ದೂರದಲ್ಲಿತ್ತು. 1873ರಲ್ಲಿ ಬರೆದು ಮರುವರ್ಷ ಸರ್ಕಾರಿ ಸಲೋನ್ ಪ್ರದರ್ಶನಕ್ಕೆ ಕೊಟ್ಟ ಚಿತ್ರದ ಹೆಸರು "ರೈಲ್ವೆ". ಈಗ ವಾಷಿಂಗ್ಟನ್ನಿನಲ್ಲಿದೆ. ಚಿತ್ರದಲ್ಲಿ ರೈಲೇ ಇಲ್ಲ. ಒಬ್ಬಳು ಹೆಂಗಸು ಮಡಿಲಲ್ಲಿ ಪುಸ್ತಕ ಮತ್ತು ಮಲಗಿದ ನಾಯಿಮರಿ ಇಟ್ಟುಕೊಂಡು ನಮ್ಮನ್ನೇ ನೋಡುತ್ತಿದ್ದಾಳೆ. ಪಕ್ಕದಲ್ಲಿ ಬಿಳಿ ಫ್ರಾಕಿನ ಪುಟ್ಟ ಹುಡುಗಿ, ಬೆನ್ನಿಗೆ ದೊಡ್ಡ ನೀಲಿ ಪಟ್ಟಿಯ ಗಂಟು, ಕಬ್ಬಿಣದ ಸರಳು ಹಿಡಿದು ಆ ಕಡೆ ನೋಡುತ್ತಿದ್ದಾಳೆ. ಸರಳುಗಳ ಆಚೆ ಬರೀ ಬಿಳಿ ಉಗಿ. ಈಗ ತಾನೇ ರೈಲು ಹೋಗಿದೆ, ಅಥವಾ ಈಗ ಬರುತ್ತಿದೆ. ಪತ್ರಿಕೆಗಳ ವ್ಯಂಗ್ಯಚಿತ್ರಕಾರರಿಗೆ ಹಬ್ಬ. ಜೈಲಿನಲ್ಲಿರುವವರ ಚಿತ್ರ ಅಂತೆಲ್ಲ ಬರೆದರು. ಆದರೆ ದೊಡ್ಡವಳು ತಿರುಗಿಯೂ ನೋಡದೆ, ಚಿಕ್ಕವಳು ಕಣ್ಣು ಕೀಳದೆ ನಿಂತಿದ್ದಾಳಲ್ಲ, ರೈಲಿನ ಬಗ್ಗೆ ಇದಕ್ಕಿಂತ ನಿಜವಾದ ಮಾತನ್ನು ಹೇಗೆ ಹೇಳುವುದು? ಯಾವ ಊರಿನ ಮಗುವಾದರೂ ಹೀಗೇ ನಿಲ್ಲುತ್ತದೆ.

ಮತ್ತೆ 1877ಕ್ಕೆ ಬರೋಣ. ಲ ಪೆಲೆತಿಯೇ ಬೀದಿಯ ಒಂದು ದೊಡ್ಡ ಮನೆಯಲ್ಲಿ ಪ್ರದರ್ಶನ. ಈ ಗುಂಪು ತಮ್ಮನ್ನು ತಾವೇ ಇಂಪ್ರೆಷನಿಸ್ಟರು ಅಂತ ಕರೆದುಕೊಂಡಿದ್ದು ಇಲ್ಲೇ ಮೊದಲು. ಕೆಲವು ಪತ್ರಿಕೆಗಳು ಮೋನೆಯನ್ನು ಗೇಲಿ ಮಾಡಿದವು. ಹತ್ತಾರು ಎಂಜಿನ್ ಒಟ್ಟಿಗೆ ಸಿಳ್ಳೆ ಹೊಡೆದರೆ ಆಗುವ ಹಿಂಸೆಯನ್ನು ಬರೆಯಲು ಹೊರಟಿದ್ದಾನೆ ಅನ್ನೋ ಧಾಟಿ. ಕಾದಂಬರಿಕಾರ ಎಮಿಲ್ ಜೋಲಾ ಮಾತ್ರ ಉಲ್ಟಾ ಹೇಳಿದ. ಮೋನೆ ಈ ಗುಂಪಿನಲ್ಲೇ ಗಟ್ಟಿ ವ್ಯಕ್ತಿತ್ವದವನು, ಈ ಚಿತ್ರಗಳಲ್ಲಿ ರೈಲಿನ ಗುಡುಗು ಕೇಳಿಸುತ್ತದೆ, ನಮ್ಮ ತಂದೆಯರು ಕಾಡಿನಲ್ಲಿ ನದಿಯಲ್ಲಿ ಕಂಡ ಕಾವ್ಯವನ್ನು ನಮ್ಮ ಕಲಾವಿದರು ಸ್ಟೇಷನ್ನಿನಲ್ಲಿ ಕಾಣಬೇಕು ಅಂತ ಬರೆದ. ಮಾತು ದೊಡ್ಡದು. ನನಗೆ ಅದರಲ್ಲಿ ಅರ್ಧ ಒಪ್ಪಿಗೆ. ಜೋಲಾ ಮೋನೆಯನ್ನು ಯಂತ್ರಯುಗದ ಕವಿ ಮಾಡಲು ನೋಡಿದ. ಮೋನೆ ಆ ಕೆಲಸಕ್ಕೆ ಒಪ್ಪಿದವನಲ್ಲ. ಮರುವರ್ಷವೇ ಪ್ಯಾರಿಸ್ ಬಿಟ್ಟು ವೆತುಯ್ ಅನ್ನೋ ನದಿದಡದ ಹಳ್ಳಿ ಸೇರಿದ. ಆಮೇಲೆ ಮತ್ತೆ ಸ್ಟೇಷನ್ ಬರೆಯಲಿಲ್ಲ. ಯಂತ್ರದ ಮೇಲೆ ಅಷ್ಟು ಪ್ರೀತಿ ಇದ್ದವನು ಹೀಗೆ ಒಂದೇ ಚಳಿಗಾಲಕ್ಕೆ ಮುಗಿಸುತ್ತಾನಾ?

ಆದರೆ ಅಲ್ಲಿ ಕಲಿತದ್ದನ್ನು ಅವನು ಬಿಡಲಿಲ್ಲ. ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋಗಿ, ಬೆಳಕು ಬದಲಾದಂತೆ ಕ್ಯಾನ್ವಾಸ್ ಬದಲಿಸುತ್ತಾ ಬರೆಯುವ ಅಭ್ಯಾಸ ಶುರುವಾಗಿದ್ದು ಇಲ್ಲಿ. 1890ರ ದಶಕದ ಹುಲ್ಲಿನ ಬಣವೆಗಳಿಗೆ, ರುಆಂ ಚರ್ಚಿನ ಚಿತ್ರಗಳಿಗೆ ಈ ಸ್ಟೇಷನ್ನೇ ತಾಲೀಮು. ಉಗಿ ಕೆಲವೇ ಕ್ಷಣಗಳಲ್ಲಿ ಆಕಾರ ಬದಲಿಸುತ್ತದೆ. ಅದರ ಹಿಂದೆ ಓಡಿ ಪಳಗಿದ ಕೈಗೆ ಕಲ್ಲಿನ ಚರ್ಚು ಕೂಡ ಗಳಿಗೆಗೊಂದು ಬಣ್ಣದ್ದಾಗಿ ಕಂಡಿತು.

ಈ ಸ್ಟೇಷನ್ನಿಗೂ ಮೋನೆಗೂ ಇದ್ದ ನಂಟು ಬಹಳ ಹಳೆಯದು. ಪ್ಯಾರಿಸ್ಸಿನ ಮೊದಲ ಪ್ರಯಾಣಿಕರ ರೈಲು 1837ರಲ್ಲಿ ಹೊರಟಿದ್ದೇ ಈ ಜಾಗದಿಂದ. 1843ಕ್ಕೆ ಹಳಿ ರುಆಂ ಮುಟ್ಟಿತು, 1847ಕ್ಕೆ ಸಮುದ್ರದಂಡೆಯ ಲ ಆವ್ರ್. ಮೋನೆ ಬೆಳೆದದ್ದು ಲ ಆವ್ರ್‌ನಲ್ಲಿ. ಪ್ಯಾರಿಸ್ಸಿಗೆ ಬಂದರೆ ಇಳಿಯುತ್ತಿದ್ದದ್ದು ಇಲ್ಲೇ. 1871ರ ಕೊನೆಯಿಂದ ಸಂಸಾರ ಹೂಡಿದ ಅರ್ಜೆಂತೊಯ್‌ಗೂ ಇಲ್ಲಿಂದಲೇ ರೈಲು. ರೆನ್ವಾ, ಮಾನೆ, ಸಿಸ್ಲೆ ಎಲ್ಲಾ ಅಲ್ಲಿಗೆ ಹೋಗಿ ದೋಣಿ, ಬಿಸಿಲು, ನದಿ ಬರೆದರು. ಹೂವು ನೀರಿನ ಚಿತ್ರಗಳು ಅಂತ ಮೊದಲೇ ಹೇಳಿದೆನಲ್ಲ, ಆ ನೀರಿನ ಹತ್ತಿರಕ್ಕೆ ಅವರನ್ನು ಕರೆದುಕೊಂಡು ಹೋಗಿದ್ದು ರೈಲು. ಬೆಳಗ್ಗೆ ಹೋಗಿ ಸಂಜೆ ವಾಪಸ್ ಬರಬಹುದಾದ ಹಳ್ಳಿ ಅನ್ನುವುದೇ ರೈಲು ಬಂದ ಮೇಲೆ ಹುಟ್ಟಿದ್ದು. ಇವತ್ತಿಗೂ ಮೋನೆಯ ತಾವರೆ ಕೊಳ ಇರುವ ಜಿವೆರ್ನಿಗೆ ಹೋಗಬೇಕಾದರೆ ಸಾಂ-ಲಜಾರ್‌ನಲ್ಲಿ ಹತ್ತಿ ವೆರ್ನೋನ್‌ನಲ್ಲಿ ಇಳಿಯಬೇಕು. ಯಾರಾದರೂ ಹೋಗುವವರಿದ್ದರೆ ಸ್ವಲ್ಪ ಮೊದಲೇ ಹೋಗಿ ಯುರೋಪ್ ಸೇತುವೆ ಮೇಲೆ ನಿಂತು ಹಳಿಗಳನ್ನು ನೋಡಿ.

ಓರ್ಸೇ ಮ್ಯೂಸಿಯಂ ಬಗ್ಗೆಯೂ ಒಂದು ಮಾತು. ಆ ಕಟ್ಟಡ ಮೊದಲು ರೈಲ್ವೆ ಸ್ಟೇಷನ್ ಆಗಿತ್ತು ಅನ್ನುವುದು ನಿಮಗೆ ಗೊತ್ತಿರಬಹುದು. 1900ರ ವಿಶ್ವ ಪ್ರದರ್ಶನಕ್ಕೆಂದು ಕಟ್ಟಿದ್ದು, ಮ್ಯೂಸಿಯಂ ಆಗಿದ್ದು 1986ರಲ್ಲಿ. ಆದರೆ ಅದು ವಿದ್ಯುತ್ ರೈಲುಗಳಿಗಾಗಿ ಕಟ್ಟಿದ ಸ್ಟೇಷನ್. ಅಷ್ಟು ಚೆಂದದ ಕೆತ್ತನೆ, ಅಲಂಕಾರ ಒಳಗೆ ಸಾಧ್ಯವಾಗಿದ್ದು ಹೊಗೆ ಇಲ್ಲ ಅನ್ನೋ ಧೈರ್ಯದ ಮೇಲೆ. ಮೋನೆ ಸಾಂ-ಲಜಾರ್ ಬರೆದ 23 ವರ್ಷದಲ್ಲಿ ಕಾಲ ಅಷ್ಟು ಬದಲಾಗಿತ್ತು.

ಮಾತು ಮುಗಿದ ಮೇಲೆ ಸಭೆಯಲ್ಲಿ ಒಬ್ಬರು ಕೇಳಿದರು. "ಅಷ್ಟು ಹೊಗೆಯಲ್ಲಿ ದಿನವಿಡೀ ದುಡಿಯುತ್ತಿದ್ದವರು ಇರಲಿಲ್ವಾ? ಕಲ್ಲಿದ್ದಲು ಹಾಕುವವರು, ಹಳಿ ರಿಪೇರಿಯವರು? ಮೋನೆಗೆ ಅವರು ಬರೀ ಗೀಟಾ?" ಸರಿಯಾದ ಪ್ರಶ್ನೆ. ಕೊಟ್ಟ ಉತ್ತರವನ್ನು ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಹೌದು, ಮೋನೆ ಅವರನ್ನು ನೋಡಲಿಲ್ಲ. ಉಗಿಯನ್ನು ಅಷ್ಟು ಪ್ರೀತಿಯಿಂದ ನೋಡಿದ ಕಣ್ಣು, ಅದನ್ನು ಉಸಿರಾಡುತ್ತಿದ್ದವರ ಮುಖ ನೋಡಲಿಲ್ಲ. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಅವನ ಚಿತ್ರದ ಸೊಬಗಿಗೂ ಈ ಕುರುಡುತನಕ್ಕೂ ಸಂಬಂಧ ಇದೆ ಅಂತಲೇ ನನ್ನ ಅನಿಸಿಕೆ. ಮುಖ ಬಂದರೆ ಕಥೆ ಬರುತ್ತದೆ, ಕಥೆ ಬಂದರೆ ಕಣ್ಣು ಉಗಿಯನ್ನು ಬಿಟ್ಟು ಅಲ್ಲಿಗೆ ಹೋಗುತ್ತದೆ.

ನೋಡಿದವನು ಕಾಯ್‌ಬಾಟ್. ಮೋನೆಗೆ ಬಾಡಿಗೆ ಕೊಟ್ಟ ಅದೇ ಶ್ರೀಮಂತ ಗೆಳೆಯ. 1876ರಲ್ಲಿ ಅವನು ಯುರೋಪ್ ಸೇತುವೆಯನ್ನು ಬರೆದ. ಚಿತ್ರ ಈಗ ಜಿನೀವಾದಲ್ಲಿದೆ. ಇಲ್ಲಿ ಉಗಿ ದೂರದಲ್ಲಿ ಚೂರೇ ಚೂರು. ಚಿತ್ರದ ಅರ್ಧವನ್ನು ಸೇತುವೆಯ ದಪ್ಪ ಕಬ್ಬಿಣದ ತೊಲೆಗಳು ಅಡ್ಡಡ್ಡ ಹಾಯ್ದು ಆಕ್ರಮಿಸಿವೆ. ಒಂದೊಂದು ರಿವೆಟ್ಟೂ, ಒಂದೊಂದು ನೆರಳೂ ಲೆಕ್ಕ ಹಾಕಿ ಬರೆದ ಹಾಗಿದೆ. ಎಡಗಡೆಯಿಂದ ಎತ್ತರದ ಟೋಪಿಯ ಸಾಹೇಬನೊಬ್ಬ ನಡೆದು ಬರುತ್ತಿದ್ದಾನೆ, ಹಿಂದೆ ಕೊಡೆ ಹಿಡಿದ ಹೆಂಗಸು. ಬಲಗಡೆ ಕಂಬಿಗೆ ಮೊಣಕೈ ಊರಿ ನಿಂತಿರುವವನು ಕೆಲಸದ ಅಂಗಿ ಹಾಕಿದ ಕೂಲಿಯವನು. ಕೆಳಗೆ ಹಳಿಗಳ ಕಡೆ ನೋಡುತ್ತಿದ್ದಾನೆ. ಸಾಹೇಬ ನೋಡುತ್ತಿಲ್ಲ, ಹೆಂಗಸು ನೋಡುತ್ತಿಲ್ಲ, ಮುಂದೆ ಓಡುತ್ತಿರುವ ನಾಯಿಯೂ ನೋಡುತ್ತಿಲ್ಲ. ನಿಂತು ಸ್ಟೇಷನ್ ನೋಡುವಷ್ಟು ವ್ಯವಧಾನ ಇದ್ದದ್ದು ಅವನೊಬ್ಬನಿಗೆ.

ಈ ಚಿತ್ರವೂ ಮೋನೆಯ ಸ್ಟೇಷನ್ ಚಿತ್ರಗಳೂ 1877ರ ಏಪ್ರಿಲ್‌ನಲ್ಲಿ ಒಂದೇ ಪ್ರದರ್ಶನದಲ್ಲಿದ್ದವು. ಒಂದರಲ್ಲಿ ಉಗಿ, ಇನ್ನೊಂದರಲ್ಲಿ ಅದನ್ನು ಮೇಲಿನಿಂದ ನೋಡುತ್ತಿರುವ ಮನುಷ್ಯ. ಕಾಯ್‌ಬಾಟ್ ಮೋನೆಯ ಸ್ಟೇಷನ್ ಚಿತ್ರವನ್ನೂ ಕೊಂಡಿಟ್ಟುಕೊಂಡ. 1894ರಲ್ಲಿ ಅವನು ತೀರಿಕೊಂಡಾಗ ಗೆಳೆಯರ ಚಿತ್ರಗಳ ಇಡೀ ಸಂಗ್ರಹವನ್ನು ಸರ್ಕಾರಕ್ಕೆ ಬರೆದುಕೊಟ್ಟಿದ್ದ. ಸರ್ಕಾರ ಎರಡು ವರ್ಷ ಮೀನಮೇಷ ಎಣಿಸಿ, ಕೊನೆಗೆ ಸಂಗ್ರಹದ ಒಂದು ಭಾಗವನ್ನು ಮಾತ್ರ ಒಪ್ಪಿಕೊಂಡಿತು. ಒಪ್ಪಿಕೊಂಡ ಆ ಭಾಗದಲ್ಲಿ ಸಾಂ-ಲಜಾರ್ ಇತ್ತು. ನಾವು ಇಷ್ಟು ಹೊತ್ತು ಪರದೆ ಮೇಲೆ ನೋಡಿದ್ದು ಅದೇ ಚಿತ್ರ.